ಇನ್‌ಟೇಕ್ ಮ್ಯಾನಿಫೋಲ್ಡ್ ಬಳಿ ಆಯಿಲ್ ಲೀಕ್: ಮೂಲ ಹುಡುಕುವುದು, ಸರಿಪಡಿಸುವುದು

ಬಾನೆಟ್ ಎತ್ತಿದಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ, ಅದು ಹೆಡ್‌ಗೆ, ಅಂದರೆ ಎಂಜಿನ್ನಿನ ಮೇಲ್ಭಾಗಕ್ಕೆ, ಕೂಡುವ ಅಂಚಿನಲ್ಲಿ ಕಪ್ಪು ಜಿಡ್ಡು ಕಂಡವರು ಕೇಳುವ ಪ್ರಶ್ನೆ ಒಂದೇ: ‘ಮ್ಯಾನಿಫೋಲ್ಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಹೋಗಿದೆಯಾ? ಬದಲಿಸಿದರೆ ನಿಲ್ಲುತ್ತದಾ?’ ಹೆಚ್ಚಿನ ಕಾರುಗಳಲ್ಲಿ ನಿಲ್ಲುವುದಿಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಮೂರು ಅಥವಾ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರುಗಳ ಮ್ಯಾನಿಫೋಲ್ಡ್ ಒಳಗೆ ಆಯಿಲ್ ಹರಿಯುವ ದಾರಿಯೇ ಇರುವುದಿಲ್ಲ. ಏರ್ ಫಿಲ್ಟರ್‌ನಿಂದ ಬಂದ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಕೊಳವೆಗಳ ಗೊಂಚಲು ಅದು. ಅದರ ಮೇಲೆ ಕಾಣುವ ಆಯಿಲ್ ಒಂದೋ ಮೇಲಿನಿಂದ ಇಳಿದದ್ದು, ಇಲ್ಲವೇ ಎಂಜಿನ್ ಒಳಗಿನ ಹೊಗೆಯನ್ನು ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಒಳಗೆ ಸೇರಿ ಸಂದಿಯಿಂದ ಜಿನುಗಿದ್ದು.

ವಿ ಆಕಾರದ ದೊಡ್ಡ ಎಂಜಿನ್‌ಗಳ ಮಾತು ಬೇರೆ. ಪುಶ್‌ರಾಡ್ (ವಾಲ್ವ್ ತೆರೆಯಲು ಬಳಸುವ ಉದ್ದ ಕಡ್ಡಿ) ಇರುವ ಹಳೆಯ ಅಮೆರಿಕನ್ ವಿ8ಗಳಲ್ಲಿ ಮ್ಯಾನಿಫೋಲ್ಡೇ ಎಂಜಿನ್ ನಡುವಿನ ಕಣಿವೆಗೆ ಮುಚ್ಚಳ. ಅಲ್ಲಿ ಅದರ ಮುಂದಿನ, ಹಿಂದಿನ ತುದಿಯ ಸೀಲುಗಳು ನೇರವಾಗಿಯೇ ಆಯಿಲ್ ಬಿಡುತ್ತವೆ. ಅಂಥ ಗಾಡಿಯ ಬಗ್ಗೆ ಓದಿದ ಸಲಹೆಯನ್ನು ನಿಮ್ಮ ಹ್ಯಾಚ್‌ಬ್ಯಾಕ್‌ಗೆ ಅನ್ವಯಿಸಬೇಡಿ.

ಈ ಲೇಖನ ಸಾಮಾನ್ಯ ಪೆಟ್ರೋಲ್ ಕಾರಿಗೆ. ಡೀಸೆಲ್ ಬಗ್ಗೆ ಕೊನೆಯಲ್ಲಿ ಪ್ರತ್ಯೇಕವಾಗಿ ಬರೆದಿದ್ದೇವೆ. ನಿಮ್ಮದು ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ ಮೂರನೆಯ ಹಂತದವರೆಗೆ ಮಾತ್ರ ಮಾಡಿ. ಅದರಾಚೆಗಿನ ಇಂಧನ ಒತ್ತಡ ಮನೆಯಲ್ಲಿ ಮುಟ್ಟುವಂಥದ್ದಲ್ಲ.

ಅನುಮಾನ ಪಡಬೇಕಾದ ಜಾಗಗಳು

ಮೊದಲನೆಯದು ಟ್ಯಾಪೆಟ್ ಕವರ್ ಪ್ಯಾಕಿಂಗ್. ಎಂಜಿನ್ ನೆತ್ತಿಯ ಮುಚ್ಚಳಕ್ಕೂ ಹೆಡ್‌ಗೂ ನಡುವೆ ಇರುವ ರಬ್ಬರ್ ಪಟ್ಟಿ ಇದು. ವರ್ಷಗಟ್ಟಲೆ ಬಿಸಿ ತಿಂದು ಸೆಟೆದುಕೊಂಡಾಗ ಹಿಡಿತ ಬಿಡುತ್ತದೆ, ಆಯಿಲ್ ಹೆಡ್‌ನ ಬದಿಯಿಂದ ಜಾರಿ ಮ್ಯಾನಿಫೋಲ್ಡ್ ಫ್ಲೇಂಜಿನ ಮೇಲೆ ಕೂರುತ್ತದೆ. ನೋಡಿದವರಿಗೆ ಮ್ಯಾನಿಫೋಲ್ಡೇ ಸೋರಿದಂತೆ ಕಾಣುತ್ತದೆ.

ಎರಡನೆಯದು ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಸೆನ್ಸರ್ ಮತ್ತು ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಸಣ್ಣ ವಾಲ್ವ್. ಎರಡಕ್ಕೂ ಒಂದೊಂದು ಓರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ ಇರುತ್ತದೆ. ಮೂರನೆಯದು ಆಯಿಲ್ ಪ್ರೆಶರ್ ಸ್ವಿಚ್. ಹಲವು ಕಾರುಗಳಲ್ಲಿ ಇದು ಮ್ಯಾನಿಫೋಲ್ಡ್ ಕೆಳಗೆ ಕಣ್ಣಿಗೆ ಬೀಳದಂತೆ ಕೂತಿರುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗ್‌ನ ಪ್ಯಾಕಿಂಗ್, ಡಿಪ್‌ಸ್ಟಿಕ್ ಕೊಳವೆ ಬ್ಲಾಕಿಗೆ ಸೇರುವಲ್ಲಿನ ಓರಿಂಗ್, ಕ್ಯಾಮ್‌ಶಾಫ್ಟ್ ತುದಿಯ ರಬ್ಬರ್ ಪ್ಲಗ್ ಇವೂ ಪಟ್ಟಿಯಲ್ಲಿವೆ.

ಆಯಿಲ್ ಮ್ಯಾನಿಫೋಲ್ಡ್ ಒಳಗೇ ಇದ್ದರೆ, ಒಳಹೋಗುವ ಗಾಳಿಯ ಪ್ರಮಾಣ ನಿಯಂತ್ರಿಸುವ ಥ್ರಾಟಲ್ ಬಾಡಿ ಬಿಚ್ಚಿದಾಗ ತಳದಲ್ಲಿ ನಿಂತಿದ್ದರೆ, ಪಿಸಿವಿ ವ್ಯವಸ್ಥೆಯನ್ನು ನೋಡಬೇಕು. ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳಿದ ಹೊಗೆಯನ್ನು ಮತ್ತೆ ಮ್ಯಾನಿಫೋಲ್ಡಿಗೆ ಎಳೆದು ಸುಡಿಸುವ ವಾಲ್ವ್ ಮತ್ತು ಪೈಪುಗಳ ಜೋಡಣೆಗೆ ಪಿಸಿವಿ ಎನ್ನುತ್ತಾರೆ. ಒಳಗೆ ತೆಳುವಾದ ಆಯಿಲ್ ಪಸೆ ಇರುವುದು ಸಹಜ. ಬಟ್ಟೆ ಒತ್ತಿದರೆ ಒದ್ದೆಯಾಗುವಷ್ಟು ನಿಂತಿದ್ದರೆ ಸಹಜವಲ್ಲ.

ಹಂತ 1: ತೊಳೆಯಿರಿ, ಪೌಡರ್ ಹಾಕಿ, ಓಡಿಸಿ

ಈ ಹಂತ ಬಿಟ್ಟು ನೇರ ಬಿಚ್ಚಲು ಹೊರಡುವವರೇ ಎರಡೆರಡು ಸಲ ಪ್ಯಾಕಿಂಗ್ ಕೊಳ್ಳುವವರು.

ಎಂಜಿನ್ ಪೂರ್ತಿ ತಣ್ಣಗಿರಲಿ. ಆಲ್ಟರ್ನೇಟರ್, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡಿಗ್ರೀಸರ್ ಸಿಂಪಡಿಸಿ, ಬ್ರಷ್‌ನಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಹಿಡಿಯಬೇಡಿ. ಕನೆಕ್ಟರ್‌ಗಳೊಳಗೆ ನೀರು ಸೇರಿದರೆ ಆಯಿಲ್ ಲೀಕಿನ ಜೊತೆಗೆ ಮಿಸ್‌ಫೈರ್ ಎಂಬ ಹೊಸ ತಲೆನೋವು ಶುರುವಾಗುತ್ತದೆ.

ಒಣಗಿದ ಮೇಲೆ ಟ್ಯಾಪೆಟ್ ಕವರ್ ಅಂಚು, ಸೆನ್ಸರ್ ಬುಡ, ಮ್ಯಾನಿಫೋಲ್ಡ್ ಕೂಡುವ ಗೆರೆ ಎಲ್ಲದರ ಮೇಲೂ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಬೆಲ್ಟ್ ಮೇಲೆ ಬೀಳದಂತೆ ನೋಡಿಕೊಳ್ಳಿ. ನಂತರ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ಅತಿ ಎತ್ತರದ ತುದಿಯೇ ಮೂಲ. ಆಯಿಲ್ ಕೆಳಗೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಆದ್ದರಿಂದ ಎಲ್ಲಿ ಹನಿ ಬೀಳುತ್ತಿದೆ ಎನ್ನುವುದಕ್ಕಿಂತ ಮೇಲೆ ಮುಂಭಾಗದಲ್ಲಿ ಎಲ್ಲಿ ಒದ್ದೆಯಾಗಿದೆ ಎನ್ನುವುದೇ ಮುಖ್ಯ. ಕೈ, ಕಣ್ಣು ಹೋಗದ ಕಡೆ ಮೊಬೈಲ್ ಕ್ಯಾಮೆರಾ ತೂರಿಸಿ ಫೋಟೋ ತೆಗೆಯಿರಿ.

ಪ್ರೆಶರ್ ಸ್ವಿಚ್ ಪರೀಕ್ಷೆ ಸುಲಭ. ವೈರ್ ಕನೆಕ್ಟರ್ ಎಳೆದು ಒಳಗೆ ನೋಡಿ. ಪಿನ್ ಸುತ್ತ ಆಯಿಲ್ ಇದ್ದರೆ ಸ್ವಿಚ್ಚಿನ ಒಳಪರದೆ ಹರಿದಿದೆ, ಬದಲಿಸುವುದೊಂದೇ ದಾರಿ.

ಹಂತ 2: ಕ್ರ್ಯಾಂಕ್‌ಕೇಸ್ ಒತ್ತಡ ನೋಡದೆ ಪ್ಯಾಕಿಂಗ್ ಮುಟ್ಟಬೇಡಿ

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಿಸಿವಿ ಕಟ್ಟಿಕೊಂಡರೆ ಎಂಜಿನ್ ಒಳಗಿನ ಹೊಗೆಗೆ ಹೊರದಾರಿ ಇರುವುದಿಲ್ಲ. ಕುಕ್ಕರಿನ ವೆಯ್ಟ್ ಕಟ್ಟಿಕೊಂಡಾಗ ಗ್ಯಾಸ್ಕೆಟ್ ಅಂಚಿನಿಂದ ಆವಿ ನುಗ್ಗುವಂತೆ, ಇಲ್ಲಿಯೂ ದುರ್ಬಲವಾದ ಸಂದಿಯನ್ನು ಹುಡುಕಿಕೊಂಡು ಆಯಿಲ್ ಹೊರಬರುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ಕೆಲವೇ ತಿಂಗಳಲ್ಲಿ ಅಲ್ಲೇ ಅಥವಾ ಕ್ರ್ಯಾಂಕ್ ಸೀಲಿನಲ್ಲಿ ಮತ್ತೆ ಸೋರುತ್ತದೆ.

ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ, ಓಡುತ್ತಿರಲಿ. ಡಿಪ್‌ಸ್ಟಿಕ್ ತನ್ನ ಜಾಗದಲ್ಲೇ ಇರಲಿ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಆ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅಗಲವಾಗಿ ಹಿಡಿಯಿರಿ. ಕೈ ಬಿಟ್ಟರೆ ಬೆಲ್ಟಿಗೆ ಹೋದೀತು, ಜೋಪಾನ. ಹಾಳೆ ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಸರಿ. ಉಬ್ಬಿ ಹೊರಕ್ಕೆ ತಳ್ಳಿದರೆ ಪಿಸಿವಿ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿವೆ. ಇದಕ್ಕೆ ವಿರುದ್ಧವಾಗಿ ಮುಚ್ಚಳವನ್ನು ಕೀಳಲಿಕ್ಕೇ ಕಷ್ಟವಾಗುವಷ್ಟು ಎಳೆತ, ಜೊತೆಗೆ ಸಿಳ್ಳೆಯಂಥ ಸದ್ದು ಇದ್ದರೆ ಟ್ಯಾಪೆಟ್ ಕವರ್‌ನಲ್ಲೇ ಕೂಡಿಸಿರುವ ಪಿಸಿವಿ ಡಯಾಫ್ರಂ ಹರಿದಿರುವ ಸಂಭವ ಹೆಚ್ಚು. ಯುರೋಪಿಯನ್ ಕಾರುಗಳಲ್ಲಿ ಇದು ಸಾಮಾನ್ಯ.

ಬಿಡಿಯಾಗಿ ಬರುವ ಪಿಸಿವಿ ವಾಲ್ವ್ ಆದರೆ ಕಳಚಿ ಅಲ್ಲಾಡಿಸಿ. ಒಳಗೆ ಕಟಕಟ ಸದ್ದು ಬರಬೇಕು. ಒಂದು ದಿಕ್ಕಿನಿಂದ ಊದಿದರೆ ಗಾಳಿ ಹೋಗಬೇಕು, ಇನ್ನೊಂದರಿಂದ ತಡೆಯಬೇಕು. ಬಾಯಿ ಹಚ್ಚಬೇಡಿ, ಸ್ವಚ್ಛ ಟ್ಯೂಬ್ ತೊಡಿಸಿ ಊದಿ. ಅಗ್ಗದ ಭಾಗ ಇದು. ಅನುಮಾನವಿದ್ದರೆ ಹೊಸದನ್ನೇ ಹಾಕಿ. ಜೊತೆಯ ರಬ್ಬರ್ ಪೈಪ್ ಮೆತ್ತಗಾಗಿದ್ದರೆ ಎಂಜಿನ್ ಎಳೆತಕ್ಕೆ ಒಳಗೊಳಗೇ ಮುಚ್ಚಿಕೊಳ್ಳುತ್ತದೆ, ಅದನ್ನೂ ಬದಲಿಸಿ.

ವ್ಯಾಕ್ಯೂಮ್ ಗೇಜ್ ಇರುವವರಿಗೆ ಒಂದು ಮಾತು. ಆರೋಗ್ಯವಾದ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಸಮುದ್ರಮಟ್ಟದಲ್ಲಿ ಸುಮಾರು 17ರಿಂದ 21 ಇಂಚು (ಪಾದರಸದ ಇಂಚು) ತೋರಿಸುತ್ತದೆ. ಎತ್ತರ ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಕಾರು ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಗಾಬರಿ ಬೇಡ.

ಆಯಿಲ್ ಮಟ್ಟವನ್ನೂ ಇದೇ ವೇಳೆ ನೋಡಿ. ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿದ್ದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡಿ ಬ್ರೀದರಿಗೆ ತಳ್ಳುತ್ತದೆ. ಹೆಚ್ಚಾದದ್ದನ್ನು ತೆಗೆಯಿರಿ. ಇನ್ನು ಹೊಗೆ: ರಾತ್ರಿಯೆಲ್ಲ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಏರು ಹತ್ತುವಾಗ ಎಳೆತದಲ್ಲಿ ನಿರಂತರ ಬಂದರೆ ರಿಂಗ್. ಇವೆರಡೂ ಪ್ಯಾಕಿಂಗ್‌ನಿಂದ ಹೋಗುವ ರೋಗಗಳಲ್ಲ.

ಬೇಕಾದ ಸಾಮಾನು

10 ಮತ್ತು 12 ಮಿ.ಮೀ. ಸಾಕೆಟ್ (ಯುರೋಪಿಯನ್ ಕಾರಿಗೆ 13 ಅಥವಾ ಟಾರ್ಕ್ಸ್), ಉದ್ದನೆಯ ಎಕ್ಸ್‌ಟೆನ್ಷನ್, ಪ್ಲಾಸ್ಟಿಕ್ ಸ್ಕ್ರೇಪರ್, ಬ್ರೇಕ್ ಕ್ಲೀನರ್, ನೂಲು ಬಿಡದ ಬಟ್ಟೆ, ಮಾಸ್ಕಿಂಗ್ ಟೇಪ್ ಮತ್ತು ಪೆನ್. ಕಾಟನ್ ವೇಸ್ಟ್ ಬೇಡವೇ ಬೇಡ. ಅದರ ಎಳೆ ಆಯಿಲ್ ದಾರಿಗೆ ಸೇರುತ್ತದೆ.

ಟಾರ್ಕ್ ರೆಂಚ್ ಕಡ್ಡಾಯ. ಬೋಲ್ಟನ್ನು ಎಷ್ಟು ಬಲದಿಂದ ತಿರುಗಿಸುತ್ತಿದ್ದೀರಿ ಎಂದು ಅಳೆದು ಹೇಳುವ ಸ್ಪ್ಯಾನರ್ ಇದು. ಚಕ್ರದ ನಟ್‌ಗೆ ಬಳಸುವ ದೊಡ್ಡದು ಇಲ್ಲಿ ಕೆಲಸಕ್ಕೆ ಬಾರದು. 5ರಿಂದ 25 ನ್ಯೂಟನ್ ಮೀಟರ್ ಅಳೆಯುವ ಸಣ್ಣದು ಬೇಕು.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಜೊತೆಗೆ ಸ್ಪಾರ್ಕ್ ಪ್ಲಗ್ ಕೂರುವ ಬಾವಿಯ ಸೀಲುಗಳು, ಕವರ್ ಬೋಲ್ಟಿನ ರಬ್ಬರ್ ವಾಷರ್‌ಗಳನ್ನೂ ಒಟ್ಟಿಗೆ ತನ್ನಿ. ಮ್ಯಾನಿಫೋಲ್ಡ್ ಇಳಿಸುವುದಾದರೆ ಅದರ ಪ್ಯಾಕಿಂಗ್ ಮತ್ತು ಥ್ರಾಟಲ್ ಬಾಡಿ ಪ್ಯಾಕಿಂಗ್ ಸಹ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವಾಗ ಗಾಡಿಯ ಚಾಸಿಸ್ ನಂಬರ್ ಇಟ್ಟುಕೊಂಡು ಹೋಗಿ. ಒಂದೇ ಮಾಡೆಲ್ಲಿಗೆ ವರ್ಷ ಬದಲಾದಂತೆ ಎಂಜಿನ್ ಬದಲಾಗಿರುತ್ತದೆ. ಬೆರಳಲ್ಲಿ ಒತ್ತಿದರೆ ಮರಳಿ ಆಕಾರಕ್ಕೆ ಬಾರದ, ಅಚ್ಚಿನ ಅಂಚು ಒರಟಾಗಿರುವ ಅಗ್ಗದ ರಬ್ಬರನ್ನು ಮರಳಿಸಿ. ಅಷ್ಟು ಕೆಲಸ ಮಾಡಿ ಅಲ್ಲಿ ಹಣ ಉಳಿಸುವುದರಲ್ಲಿ ಅರ್ಥವಿಲ್ಲ.

ಹಂತ 3: ಟ್ಯಾಪೆಟ್ ಕವರ್ ಪ್ಯಾಕಿಂಗ್

ಬ್ಯಾಟರಿಯ ನೆಗೆಟಿವ್ ಕಳಚಿ. ಕಾಯಿಲ್‌ಗಳಿಗೆ ಟೇಪ್ ಅಂಟಿಸಿ ನಂಬರ್ ಬರೆದು ಎಬ್ಬಿಸಿ. ಪ್ಲಗ್ ಬಾವಿಯಲ್ಲಿ ಆಯಿಲ್ ನಿಂತಿದ್ದರೆ ಮೊದಲು ಬಟ್ಟೆಯಿಂದ ಹೀರಿಸಿ. ಹಾಗೇ ಪ್ಲಗ್ ಬಿಚ್ಚಿದರೆ ಅದೆಲ್ಲ ಸಿಲಿಂಡರಿಗೆ ಇಳಿಯುತ್ತದೆ.

ಕವರ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದನ್ನೂ ಅರ್ಧರ್ಧ ಸುತ್ತು ಸಡಿಲಿಸುತ್ತ ಬನ್ನಿ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಅಂಚಿಗೆ ಬಿದ್ದ ಗೀರು ಮುಂದಿನ ಲೀಕಿಗೆ ದಾರಿ. ರಬ್ಬರ್ ಸುತ್ತಿಗೆಯಿಂದ ಬದಿಗೆ ಮೆಲ್ಲಗೆ ತಟ್ಟಿದರೆ ಬಿಡುತ್ತದೆ.

ಹಳೆಯ ರಬ್ಬರನ್ನು ಕವರಿನ ತೋಡಿನಿಂದ ಕಿತ್ತು, ಅದರಲ್ಲಿ ಉಳಿದ ಜಿಡ್ಡನ್ನು ಸಣ್ಣ ಬ್ರಷ್‌ನಿಂದ ತೆಗೆಯಿರಿ. ಹೆಡ್ ಮೇಲಿನ ಮೈಯನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಮಾತ್ರ ಕೆರೆದು, ಬ್ರೇಕ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಎರಡೂ ಮೈ ಪೂರ್ತಿ ಒಣಗಿರಬೇಕು. ಒಂದು ಹನಿ ಆಯಿಲ್ ಉಳಿದರೂ ಸಿಲಿಕೋನ್ ಹಿಡಿಯದು. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಬಳಸಬೇಡಿ. ಅದರಿಂದ ಉದುರುವ ಪುಡಿ ಆಯಿಲ್ ಜೊತೆ ಬೇರಿಂಗ್‌ಗಳಿಗೆ ತಲುಪಿ ಎಂಜಿನ್ನನ್ನೇ ಕೆಡಿಸುತ್ತದೆ.

ಈಗ ಸಿಲಿಕೋನ್. ಗ್ಯಾರೇಜುಗಳಲ್ಲಿ ಅನಾಬಾಂಡ್ ಎಂದೇ ಕೇಳಿ ತರುವ ಪೇಸ್ಟ್ ಇದು. ಪ್ಯಾಕಿಂಗ್ ಉದ್ದಕ್ಕೂ ಹಚ್ಚುವ ಚಟ ನಮ್ಮಲ್ಲಿ ವಿಪರೀತ. ರಬ್ಬರ್ ಪ್ಯಾಕಿಂಗ್‌ಗೆ ಅದು ಬೇಕಿಲ್ಲ, ಬದಲಿಗೆ ರಬ್ಬರ್ ಜಾರಿ ಜಾಗ ಬಿಡುತ್ತದೆ. ಬೇಕಾದದ್ದು ಎರಡೇ ಬಗೆಯ ಜಾಗದಲ್ಲಿ: ಟೈಮಿಂಗ್ ಚೈನ್ ಕವರ್ ಹೆಡ್‌ಗೆ ಸೇರುವ ಸಂದಿಯ ಮೇಲೆ, ಮತ್ತು ಕ್ಯಾಮ್ ಕ್ಯಾಪಿನ ಅರ್ಧಚಂದ್ರಾಕಾರದ ಮೂಲೆಗಳಲ್ಲಿ. ಅಲ್ಲಿ 2ರಿಂದ 3 ಮಿ.ಮೀ. ಗಾತ್ರದ ಬೊಟ್ಟು ಸಾಕು. ಹಚ್ಚಿದ ಐದಾರು ನಿಮಿಷದೊಳಗೆ ಕವರ್ ಕೂರಿಸಿ. ಹೆಚ್ಚು ಹಚ್ಚಿದರೆ ಒಳಕ್ಕೆ ಉಬ್ಬಿದ ತುಣುಕು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಂಟುತ್ತದೆ. ಜಾಲರಿ ಮುಚ್ಚಿದರೆ ಆಯಿಲ್ ಒತ್ತಡ ಬೀಳುತ್ತದೆ, ಬೇರಿಂಗ್ ಹೋಗುತ್ತವೆ. ನೂರಾರು ರೂಪಾಯಿಯ ಕೆಲಸ ಎಂಜಿನ್ ಬಿಚ್ಚುವಲ್ಲಿಗೆ ಮುಟ್ಟುವುದು ಹೀಗೆ.

ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ನಡುವಿನಿಂದ ಹೊರಕ್ಕೆ, ಅಡ್ಡಡ್ಡವಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. 6 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 11 ನ್ಯೂಟನ್ ಮೀಟರ್ ಸಾಕು. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಂಕೆಯೇ ಅಂತಿಮ. ‘ಇನ್ನೊಂದು ಸ್ವಲ್ಪ’ ಎಂದು ಎಳೆದರೆ ಹೆಡ್‌ನ ಅಲ್ಯೂಮಿನಿಯಂ ಮರೆ (ಥ್ರೆಡ್) ಕಿತ್ತು ಬರುತ್ತದೆ. ಬೋಲ್ಟ್ ಸುತ್ತುತ್ತಲೇ ಇದ್ದು ಬಿಗಿಯಾಗದಿದ್ದರೆ ಅದು ಆಗಿಹೋಗಿದೆ ಎಂದರ್ಥ. ಅಂಟು ತುಂಬಿಸಬೇಡಿ, ಹೆಲಿಕಾಯಿಲ್ ಹಾಕಿಸಿ. ಹೊಸ ಉಕ್ಕಿನ ಮರೆಯನ್ನು ರಂಧ್ರದೊಳಗೆ ಕೂರಿಸುವ ಈ ರಿಪೇರಿ ಲೇತ್ ಅಂಗಡಿಯವರಿಗೆ ಗೊತ್ತು.

ಸಿಲಿಕೋನ್ ಒಣಗಲು ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಬಿಡಿ. ರಾತ್ರಿ ಮಾಡಿಟ್ಟು ಮರುದಿನ ಸ್ಟಾರ್ಟ್ ಮಾಡುವುದು ಒಳ್ಳೆಯದು.

ಹಂತ 4: ಮ್ಯಾನಿಫೋಲ್ಡ್ ಇಳಿಸುವುದು

ಕೆಳಗಿನ ಪ್ರೆಶರ್ ಸ್ವಿಚ್ ಅಥವಾ ಫಿಲ್ಟರ್ ಹೌಸಿಂಗ್ ಸೋರುತ್ತಿದೆ ಎಂದು ಖಾತ್ರಿಯಾಗಿದ್ದರೆ, ಇಲ್ಲವೇ ಮ್ಯಾನಿಫೋಲ್ಡ್ ಪ್ಯಾಕಿಂಗೇ ಗಾಳಿ ಎಳೆಯುತ್ತಿದ್ದರೆ ಮಾತ್ರ ಇಷ್ಟು ದೂರ ಬನ್ನಿ. ಗಾಳಿ ಎಳೆಯುವ ಗುರುತು: ಐಡಲ್ ಏರಿಳಿತ, ಚೆಕ್ ಎಂಜಿನ್ ದೀಪ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಒಬಿಡಿ ಸ್ಕ್ಯಾನರಿನಲ್ಲಿ ಪಿ0171 ಕೋಡ್, ಅಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಎಂಬ ದೂರು. ಫ್ಯುಯೆಲ್ ಟ್ರಿಮ್ ಐಡಲ್‌ನಲ್ಲಿ ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಸಹಜಕ್ಕೆ ಇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದೇ ಫ್ಯುಯೆಲ್ ಟ್ರಿಮ್. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವ ಹಳೆಯ ಪದ್ಧತಿ ಬೇಡ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಹಿಡಿಯುತ್ತದೆ. ಒಳಗೆ ಹೊಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಗ್ಯಾರೇಜಿನ ಸ್ಮೋಕ್ ಟೆಸ್ಟ್ ಸುರಕ್ಷಿತ.

ಇಂಧನ ಒತ್ತಡ ಇಳಿಸುವುದು ಮೊದಲ ಕೆಲಸ. ಪೋರ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ (ಪೆಟ್ರೋಲನ್ನು ವಾಲ್ವಿನ ಹೊರಗೆ ಸಿಂಪಡಿಸುವ ಬಗೆ) ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್ ಎಂಬ ಕೊಳವೆಯೊಳಗೆ ಸುಮಾರು 3ರಿಂದ 4 ಬಾರ್ ಒತ್ತಡ ಇರುತ್ತದೆ. ಫ್ಯುಯೆಲ್ ಪಂಪ್ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿ ಕಳಚಿ. ಮುಂದಿನ ಕೆಲಸಕ್ಕೆ ಎಂಜಿನ್ ತಣಿಯಲಿ. ಪೈಪಿನ ಜೋಡಣೆಗೆ ಬಟ್ಟೆ ಸುತ್ತಿಯೇ ಬಿಚ್ಚಿ. ಇಂಜೆಕ್ಟರ್ ರೈಲ್ ಹೆಡ್‌ನಲ್ಲೇ ಕೂತಿರುವ ಕಾರಾದರೆ ಅದನ್ನು ಮುಟ್ಟುವ ಅಗತ್ಯವೇ ಬರಲಿಕ್ಕಿಲ್ಲ.

ಏರ್ ಪೈಪ್, ಥ್ರಾಟಲ್ ಬಾಡಿ ಕನೆಕ್ಟರ್, ಬ್ರೇಕ್ ಬೂಸ್ಟರ್ ವ್ಯಾಕ್ಯೂಮ್ ಪೈಪ್, ಪಿಸಿವಿ ಪೈಪ್ ಎಲ್ಲಕ್ಕೂ ಗುರುತು ಹಾಕಿ ಫೋಟೋ ತೆಗೆದು ಕಳಚಿ. ಕೆಲವು ಥ್ರಾಟಲ್ ಬಾಡಿಗಳಿಗೆ ಕೂಲೆಂಟ್ ಪೈಪೂ ಇರುತ್ತದೆ, ಅದನ್ನು ತಣ್ಣಗಿದ್ದಾಗಲೇ ಬಿಚ್ಚಿ ಬಾಯಿ ಮುಚ್ಚಿಡಿ. ಮ್ಯಾನಿಫೋಲ್ಡ್ ಬರುತ್ತಿಲ್ಲವೆಂದರೆ ಬಹುಪಾಲು ಕೆಳಗೆ ಬ್ಲಾಕಿಗೆ ಕಟ್ಟಿದ ಸಪೋರ್ಟ್ ಬ್ರಾಕೆಟ್ಟಿನ ಬೋಲ್ಟ್ ಉಳಿದಿರುತ್ತದೆ. ಬಲ ಹಾಕಿ ಎಳೆದರೆ ಪ್ಲಾಸ್ಟಿಕ್ ಸೀಳುತ್ತದೆ.

ಇಳಿದ ಕ್ಷಣವೇ ಹೆಡ್‌ನ ಬಾಯಿಗಳಿಗೆ ಸ್ವಚ್ಛ ಬಟ್ಟೆ ತುರುಕಿ, ಎಷ್ಟು ತುಂಡು ಎಂದು ಬರೆದಿಡಿ. ಒಂದು ವಾಷರ್ ಒಳಗೆ ಬಿದ್ದರೆ ವಾಲ್ವ್, ಪಿಸ್ಟನ್ ಎರಡಕ್ಕೂ ಅಪಾಯ.

ಪ್ರೆಶರ್ ಸ್ವಿಚ್ಚಿಗೆ ಡೀಪ್ ಸಾಕೆಟ್ ಬಳಸಿ. ಅದರ ಮರೆ ತುದಿಗೆ ಸಪೂರವಾಗುತ್ತ ಹೋಗುವ ಬಗೆಯದಾದರೆ ಹೆಚ್ಚು ಬಿಗಿದಷ್ಟೂ ಹೌಸಿಂಗ್ ಸೀಳುವ ಅಪಾಯ. ಥ್ರೆಡ್ ಟೇಪ್ ಸುತ್ತಬೇಡಿ. ಮೈಯ ಮೂಲಕವೇ ಅರ್ಥ್ ಪಡೆಯುವ ಸ್ವಿಚ್ಚಿಗೆ ಅದು ಅಡ್ಡಿ, ಹರಿದ ಚೂರು ಆಯಿಲ್ ದಾರಿಗೂ ಹೋಗುತ್ತದೆ. ಓರಿಂಗ್‌ಗಳಿಗೆ ಹೊಸ ಎಂಜಿನ್ ಆಯಿಲ್ ಸವರಿ ಕೂರಿಸಿ.

ಹಂತ 5: ಮರಳಿ ಜೋಡಿಸುವುದು

ಮ್ಯಾನಿಫೋಲ್ಡ್ ಒಳಗಿನ ಆಯಿಲ್ ಒರೆಸಿ ಒಣಗಿಸಿ. ಕೂಡುವ ಮೈ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. 0.1 ಮಿ.ಮೀ. ಎಲೆ ಸಲೀಸಾಗಿ ಹೋದರೆ ಮೈ ಬಾಗಿರುವ ಅನುಮಾನ. ಮ್ಯಾನ್ಯುಯಲ್ಲಿನ ಮಿತಿಗೆ ಹೋಲಿಸಿ. ಅಲ್ಯೂಮಿನಿಯಂ ಆದರೆ ಮಷೀನ್ ಹಾಕಿಸಬಹುದು, ಪ್ಲಾಸ್ಟಿಕ್ ಆದರೆ ಬದಲಿಸಬೇಕು.

ಹೊಸ ಪ್ಯಾಕಿಂಗ್ ಒಣಗಿದಂತೆಯೇ ಹಾಕಿ, ಸಿಲಿಕೋನ್ ಇಲ್ಲದೆ. ಬಟ್ಟೆ ತುಂಡುಗಳನ್ನು ಎಣಿಸಿ ಹೊರತೆಗೆಯಿರಿ. ಬೋಲ್ಟುಗಳನ್ನು ನಡುವಿನಿಂದ ಎರಡೂ ಬದಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಹತ್ತಿರದ ಅಂಕೆ ಇರುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ ಬೋಲ್ಟ್ ರಂಧ್ರಗಳೊಳಗೆ ಲೋಹದ ಬುಶ್ ಇರುತ್ತದೆ. ಬೋಲ್ಟ್ ಅದಕ್ಕೆ ತಾಗಿದ ಮೇಲೆ ಎಷ್ಟು ಬಿಗಿದರೂ ಪ್ಯಾಕಿಂಗ್ ಇನ್ನಷ್ಟು ಒತ್ತುವುದಿಲ್ಲ. ಸಪೋರ್ಟ್ ಬ್ರಾಕೆಟ್ ಕೊನೆಗೆ ಕಟ್ಟಿ. ಮೊದಲೇ ಕಟ್ಟಿದರೆ ಅದು ಮ್ಯಾನಿಫೋಲ್ಡನ್ನು ಓರೆಯಾಗಿ ಎಳೆಯುತ್ತದೆ.

ಹಂತ 6: ಸ್ಟಾರ್ಟ್ ಮಾಡಿ ನೋಡುವುದು

ಫ್ಯೂಸ್ ಹಾಕಿ, ಬ್ಯಾಟರಿ ಜೋಡಿಸಿ, ಕೀಲಿಯನ್ನು ಎರಡು ಮೂರು ಸಲ ಆನ್ ಮಾಡಿ ಬಿಡಿ. ಒತ್ತಡ ತುಂಬಿದಾಗ ಇಂಜೆಕ್ಟರ್ ಬಳಿ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಮೊದಲ ಕೆಲವು ನಿಮಿಷ ಐಡಲ್ ಹೆಚ್ಚು ಕಡಿಮೆಯಾಗಬಹುದು, ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದ ಐಡಲ್ ರೀಲರ್ನ್ (ಐಡಲ್ ವೇಗವನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವುದು) ಮಾಡಿಸಬೇಕು. ಕೂಲೆಂಟ್ ಇಳಿದಿದ್ದರೆ ತುಂಬಿ, ಗಾಳಿ ಹೊರಹೋಗಲು ಬಿಡಿ. ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಬೂಸ್ಟರ್ ಪೈಪ್ ಹಾಕಲು ಮರೆತಿದ್ದೀರಿ. ಅದನ್ನು ನೋಡದೆ ಗಾಡಿ ಕದಲಿಸಬೇಡಿ.

ಎಕ್ಸಾಸ್ಟ್ ಮೇಲೆ ಹಿಂದೆ ಚೆಲ್ಲಿದ ಆಯಿಲ್ ಉರಿದು ಸ್ವಲ್ಪ ಹೊತ್ತು ವಾಸನೆ ಬರುವುದು ಸಹಜ. ಅರ್ಧ ಗಂಟೆ ಓಡಿದ ಮೇಲೂ ಹೊಗೆ ಎದ್ದರೆ ನಿಲ್ಲಿಸಿ ನೋಡಿ. ಮತ್ತೆ ಪೌಡರ್ ಉದುರಿಸಿ, ಸುಮಾರು 500 ಕಿಲೋಮೀಟರ್ ಆದಮೇಲೆ ಪರೀಕ್ಷಿಸಿ.

ಡೀಸೆಲ್ ಕಾರಿನವರಿಗೆ

ಟರ್ಬೊ ಡೀಸೆಲ್‌ಗಳಲ್ಲಿ ಬ್ರೀದರ್ ಪೈಪ್ ಟರ್ಬೊ ಬಾಯಿಗೆ ಸೇರುವುದರಿಂದ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿ ತಣಿಸುವ ಭಾಗ) ಪೈಪುಗಳಲ್ಲಿ ಆಯಿಲ್ ಪಸೆ ಇದ್ದೇ ಇರುತ್ತದೆ. ಅದು ಮ್ಯಾನಿಫೋಲ್ಡಿನಲ್ಲಿ ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸುವ ವ್ಯವಸ್ಥೆ) ಮಸಿಯ ಜೊತೆ ಸೇರಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಪೈಪಿನ ಜೋಡಣೆಯಲ್ಲಿ ಜಿನುಗಿದರೆ ಓರಿಂಗ್ ಅಥವಾ ಕ್ಲಾಂಪ್ ಬದಲಿಸಿದರೆ ಸಾಕು.

ಇಂಟರ್‌ಕೂಲರ್ ತಳದಲ್ಲಿ ಆಯಿಲ್ ತುಂಬಿ ನಿಂತಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಟರ್ಬೊ ಸೀಲ್ ಹೋಗಿದ್ದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಎಳೆದುಕೊಂಡು, ಕೀಲಿ ತೆಗೆದರೂ ನಿಲ್ಲದೆ ಒಡೆಯುವವರೆಗೆ ರೇಸ್ ಆಗಬಲ್ಲದು. ಮ್ಯಾನ್ಯುಯಲ್ ಗೇರಿನ ಗಾಡಿಯಲ್ಲಿ ಹಾಗಾದರೆ ಬ್ರೇಕ್ ಬಲವಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಉಸಿರುಗಟ್ಟಿಸಿ. ಬಾನೆಟ್ ತೆರೆದು ಕೈ ಹಾಕಬೇಡಿ. ಬಿಎಸ್6 ಡೀಸೆಲ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಡಿಪಿಎಫ್ (ಎಕ್ಸಾಸ್ಟಿನಲ್ಲಿ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಡುವಾಗಿನ ಡೀಸೆಲ್ ಆಯಿಲಿಗೆ ಬೆರೆಯುತ್ತಿದೆ; ಪ್ಯಾಕಿಂಗ್ ಹುಡುಕುವ ಮೊದಲು ಆಯಿಲ್ ಬದಲಿಸಿ, ಡಿಪಿಎಫ್ ತೋರಿಸಿ.

ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ಹಿಡಿದು, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಆಯಿಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಗ್ಯಾರೇಜ್ ಮೂಲೆಗೆ ಎಸೆಯಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ.